‘ಮೈಯ ಕಡೆ ಗಮನ ಕೊಡಿ’ ಎಂದ ಕೂಡಲೇ ಕ್ಲೈಂಟ್ ಮರಗಟ್ಟಿದರೆ?

ಪ್ರಶ್ನೆ: ನಾನು ಮಾತಿನ ಚಿಕಿತ್ಸೆ ಕೊಡುವ ಥೆರಪಿಸ್ಟ್. ಹೆಚ್ಚಾಗಿ ಸಿಬಿಟಿ (ಆಲೋಚನೆ, ನಡವಳಿಕೆ ತಿದ್ದುವ ಚಿಕಿತ್ಸೆ) ಮಾಡುತ್ತೇನೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಹಿಳೆಯೊಬ್ಬರು ಕೆಲವು ತಿಂಗಳಿಂದ ಬರುತ್ತಿದ್ದಾರೆ. ‘ನನ್ನ ತಪ್ಪಲ್ಲ ಅಂತ ತಲೆಗೆ ಗೊತ್ತು, ಮೈಗೆ ಗೊತ್ತಾಗ್ತಿಲ್ಲ’ ಅನ್ನುತ್ತಾರೆ. ಟ್ರಾಮಾ, ಅಂದರೆ ಆಘಾತ ಮನಸ್ಸಿಗೆ ಮಾಡಿದ ಗಾಯ, ದೇಹದಲ್ಲಿ ಕೂತಿರುತ್ತದೆ ಎಂದು ಓದಿದ್ದೆ. ಹಾಗಾಗಿ ಕಳೆದ ಸೆಷನ್‌ನಲ್ಲಿ ಕಣ್ಣು ಮುಚ್ಚಿ ಎದೆಯ ಕಡೆ ಗಮನ ಕೊಡಿ ಎಂದೆ. ಸ್ವಲ್ಪ ಹೊತ್ತಿನಲ್ಲೇ ಅವರು ಮರಗಟ್ಟಿ ಕೂತರು, ಮಾತು ನಿಂತಿತು. ಸರಿಹೋಗಲು ತುಂಬ ಸಮಯ ಬೇಕಾಯಿತು. ಈ ದಾರಿ ಬಿಟ್ಟುಬಿಡಲೇ? ಇದಕ್ಕೆ ನಿಜಕ್ಕೂ ಪುರಾವೆ ಇದೆಯೇ? ಕ್ಲೈಂಟನ್ನು ಮುಟ್ಟಿ ಮಾಡುವ ವಿಧಾನಗಳನ್ನೂ ಕಲಿಯಬೇಕೇ?

ಉತ್ತರ: ಬಿಡಬೇಕಿಲ್ಲ. ಆದರೆ ಶುರು ಮಾಡುವ ಜಾಗ ಬದಲಾಗಬೇಕು.

ಮೊದಲು ಆ ದಿನ ಏನಾಯಿತು ನೋಡೋಣ. ಕಣ್ಣು ಮುಚ್ಚಿದಾಗ ‘ಇದು ಈಗಿನ ಕೋಣೆ, ಬಾಗಿಲು ಅಲ್ಲಿದೆ, ಎದುರಿಗಿರುವುದು ನನ್ನ ಥೆರಪಿಸ್ಟ್’ ಎಂಬ ಮಾಹಿತಿ ನಿಂತುಹೋಗುತ್ತದೆ. ಎದೆ ಅಂದರೆ ಭಯ ಎಲ್ಲಕ್ಕಿಂತ ಜೋರಾಗಿ ಕೇಳಿಸುವ ಜಾಗ. ದೌರ್ಜನ್ಯದ ಹೊತ್ತಿನಲ್ಲಿ ಅವರ ಎದೆ ಹೊಡೆದುಕೊಂಡಿತ್ತು, ಉಸಿರು ಕಟ್ಟಿತ್ತು. ಆಮೇಲೆ ಆ ಡವಡವವೇ ಒಂದು ನೆನಪಿನ ಗಂಟೆಯಾಗಿಬಿಡುತ್ತದೆ. ಮೆಟ್ಟಿಲು ಹತ್ತಿ ಎದೆ ಬಡಿದುಕೊಂಡರೂ ಮೈ ‘ಮತ್ತೆ ಬಂತು’ ಅಂದುಕೊಳ್ಳಬಹುದು. ಅಂಥವರನ್ನು ನೇರ ಎದೆಗೆ ಕಳಿಸಿ, ಅಲ್ಲೇ ಇರಿ ಎಂದರೆ, ನೀವು ಎಷ್ಟೇ ಮೆಲ್ಲಗೆ ಹೇಳಿದರೂ ಅದು ಎಕ್ಸ್‌ಪೋಶರ್ (ಹೆದರಿಸುವುದಕ್ಕೆ ನೇರ ಎದುರಾಗಿಸುವುದು) ಆಗುತ್ತದೆ. ಅದೂ ತಯಾರಿ ಇಲ್ಲದ ಎಕ್ಸ್‌ಪೋಶರ್. ಅವರ ನರಮಂಡಲ ತನಗೆ ಗೊತ್ತಿದ್ದ ರಕ್ಷಣೆಯನ್ನು ತೆಗೆದುಕೊಂಡಿತು, ಸಂಪರ್ಕ ಕಡಿದುಕೊಂಡಿತು. ಪಿಟಿಎಸ್‌ಡಿಯಲ್ಲಿ (ಆಘಾತದ ನಂತರ ಉಳಿಯುವ ಮಾನಸಿಕ ಕಾಯಿಲೆಯಲ್ಲಿ) ಹೀಗೆ ಡಿಸೋಸಿಯೇಷನ್, ಅಂದರೆ ತನ್ನಿಂದಲೋ ಸುತ್ತಲಿನದರಿಂದಲೋ ಸಂಪರ್ಕ ಕಡಿದುಕೊಳ್ಳುವುದು, ಎದ್ದು ಕಾಣುವವರಿಗೆ ಅಮೆರಿಕದ ಮನೋವೈದ್ಯರ ರೋಗನಿರ್ಣಯದ ಕೈಪಿಡಿ, 2013ರಲ್ಲಿ ಬಂದ ಡಿಎಸ್‌ಎಂ-5, ಒಂದು ಪ್ರತ್ಯೇಕ ಉಪವರ್ಗವನ್ನೇ ಗುರುತಿಸಿದೆ. ನಿಮ್ಮ ಕ್ಲೈಂಟ್ ಅದಕ್ಕೆ ಸೇರುತ್ತಾರಾ ಎಂದು ಈಗಲೇ ಸರಿಯಾಗಿ ಪರಿಶೀಲಿಸಿ.

ಮುಂದಿನ ಸೆಷನ್‌ನಲ್ಲಿ ಹೊಸ ತಂತ್ರ ಏನೂ ಬೇಡ. ಆದದ್ದನ್ನು ಮಾತಾಡಿ. ‘ಅವತ್ತು ನಾನು ಹೇಳಿದ್ದು ನಿಮಗೆ ಒಮ್ಮೆಗೇ ಜಾಸ್ತಿ ಆಯ್ತು ಅನ್ಸುತ್ತೆ. ನಿಮಗೆ ಹೇಗನ್ನಿಸ್ತು?’ ಎಂದು ಕೇಳಿದರೆ ಸಾಕು. ‘ನಾನೇ ಸರಿಯಾಗಿ ಮಾಡಲಿಲ್ಲ’ ಎಂದು ಅವರು ನಾಚಿಕೆಪಟ್ಟುಕೊಂಡಿರುವ ಸಾಧ್ಯತೆ ಜಾಸ್ತಿ. ಅದನ್ನು ತೆಗೆಯದೆ ಮುಂದೆ ಹೋಗಬೇಡಿ. ನಿಲ್ಲಿಸಲು ಒಂದು ಸನ್ನೆಯನ್ನೂ ಇಬ್ಬರೂ ಸೇರಿ ಒಪ್ಪಿಕೊಳ್ಳಿ, ಉದಾಹರಣೆಗೆ ಕೈ ಎತ್ತುವುದು. ಏನೂ ಕಷ್ಟವಿಲ್ಲದ ಹೊತ್ತಿನಲ್ಲಿ ಒಂದೆರಡು ಸಲ ಅದನ್ನು ನಿಜವಾಗಿಯೂ ಮಾಡಿಸಿ. ಬೇಡ ಅಂದಾಗ ಎದುರಿನವರು ನಿಲ್ಲಿಸಿದರು ಎಂಬ ಅನುಭವ ಇದೆಯಲ್ಲ, ಇಂಥ ಕ್ಲೈಂಟ್‌ಗಳಿಗೆ ಅದೇ ಮೈಯ ಮಟ್ಟದ ಮೊದಲ ಚಿಕಿತ್ಸೆ.

ಆಮೇಲೆ ಹೊರಗಿನಿಂದ ಒಳಕ್ಕೆ ಬನ್ನಿ. ಕಣ್ಣು ತೆರೆದೇ ಇರಲಿ. ತಲೆ, ಕುತ್ತಿಗೆ ತಿರುಗಿಸಿ ಕೋಣೆಯನ್ನು ನಿಧಾನವಾಗಿ ನೋಡಲಿ. ಆಮೇಲೆ ಪಾದ ನೆಲಕ್ಕೆ ತಾಗಿರುವುದು, ಬೆನ್ನಿಗೆ ಕುರ್ಚಿ ಆಸರೆ ಕೊಟ್ಟಿರುವುದು. ಒಳಗಿನ ಸಂವೇದನೆಗೆ ಹೋಗುವಾಗಲೂ ಎಲ್ಲಿ ಕಷ್ಟ ಎಂದು ಹುಡುಕಬೇಡಿ. ‘ಮೈಯಲ್ಲಿ ಎಲ್ಲಾದರೂ ಪರವಾಗಿಲ್ಲ ಅನ್ನಿಸೋ ಜಾಗ ಇದೆಯಾ? ಚಿಕ್ಕದಾದರೂ ಸರಿ, ಮೊಣಕೈ, ಕಿವಿ, ಕಾಲ್ಬೆರಳು...’ ಎಂದು ಕೇಳಿ. ಎಲ್ಲೂ ಇಲ್ಲ ಅನ್ನುವವರೂ ಇದ್ದಾರೆ. ಸರಿ, ಅವರಿಗೆ ಕೈಯಲ್ಲೊಂದು ವಸ್ತು ಕೊಡಿ, ಅದರ ತೂಕ, ಒರಟುತನ ಗಮನಿಸಲಿ. ಕೂತು ಗಮನಿಸುವುದಕ್ಕಿಂತ ಎದ್ದು ನಾಲ್ಕು ಹೆಜ್ಜೆ ನಡೆಯುವುದು ಎಷ್ಟೋ ಜನಕ್ಕೆ ಸುಲಭ.

ಈ ಕ್ಷೇತ್ರದಲ್ಲಿ ನಿಜವಾಗಿ ಕಲಿಯಬೇಕಾದ ಕೌಶಲ ಒಂದೇ ಎಂದು ನನಗನ್ನಿಸುತ್ತದೆ: ಪ್ರಮಾಣ. ಪೀಟರ್ ಲೆವಿನ್ ರೂಪಿಸಿದ ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್ ಎಂಬ ದೇಹ ಆಧಾರಿತ ಟ್ರಾಮಾ ಚಿಕಿತ್ಸೆಯಲ್ಲಿ ಇದಕ್ಕೆ ಟೈಟ್ರೇಶನ್ ಅನ್ನುತ್ತಾರೆ. ಕಷ್ಟದ ಸಂವೇದನೆಯನ್ನು ಹನಿ ಹನಿಯಾಗಿ ಮುಟ್ಟುವುದು. ಅದರ ಜೊತೆಗಾರ ಪೆಂಡ್ಯುಲೇಶನ್. ಬಿಗಿಯಿರುವ ಕಡೆಯಿಂದ ಹಗುರ ಇರುವ ಕಡೆಗೆ, ಮತ್ತೆ ಬಿಗಿಗೆ, ಹೀಗೆ ಗಮನವನ್ನು ಓಡಾಡಿಸುವುದು. ಹತ್ತು ಸೆಕೆಂಡ್ ಎದೆ, ಆಮೇಲೆ ಅರ್ಧ ನಿಮಿಷ ಪಾದ. ಮೊದಮೊದಲು ಅಷ್ಟೇ ಸಾಕು. ಎದೆ ಹಗುರಾಗುವುದು ಇಲ್ಲಿನ ಗುರಿಯಲ್ಲ. ‘ಅಲ್ಲಿಗೆ ಹೋಗಬಲ್ಲೆ, ವಾಪಸ್ಸೂ ಬರಬಲ್ಲೆ’ ಎಂದು ಅವರಿಗೆ ಗೊತ್ತಾಗುವುದು ಗುರಿ. ಮನೋವೈದ್ಯ ಡ್ಯಾನಿಯಲ್ ಸೀಗಲ್ 1999ರಲ್ಲಿ ‘ವಿಂಡೋ ಆಫ್ ಟಾಲರೆನ್ಸ್’ ಅಂದದ್ದನ್ನು ನೀವು ಓದಿರುತ್ತೀರಿ. ನರಮಂಡಲದ ಉದ್ರೇಕ ತೀರಾ ಏರಿದರೂ ತೀರಾ ಇಳಿದರೂ ಕಲಿಕೆ ನಡೆಯುವುದಿಲ್ಲ, ನಡುವಿನ ಪಟ್ಟಿಯಲ್ಲಿ ನಡೆಯುತ್ತದೆ. ಚಿತ್ರ ಚೆನ್ನಾಗಿದೆ. ತೊಂದರೆ ಏನೆಂದರೆ ಆ ಪಟ್ಟಿಯ ಅಂಚು ಕ್ಲೈಂಟ್‌ಗೂ ಕಾಣಿಸುವುದಿಲ್ಲ, ನಾವೇ ಓದಬೇಕು.

ಇಲ್ಲಿ ಹೊಸಬರು ಎಡವುವ ಒಂದು ಜಾಗ ಇದೆ. ಕ್ಲೈಂಟ್ ಸುಮ್ಮನಾದರೆ ಶಾಂತವಾದರು ಅಂದುಕೊಳ್ಳುತ್ತಾರೆ. ನಿಜವಾಗಿ ಹಗುರಾದವರ ಕಣ್ಣು ಆಡುತ್ತಿರುತ್ತದೆ, ದನಿಯಲ್ಲಿ ಏರಿಳಿತ ಇರುತ್ತದೆ, ಒಂದು ನಿಟ್ಟುಸಿರು ಬರುತ್ತದೆ, ಕೂತ ಭಂಗಿ ತಾನಾಗಿ ಬದಲಾಗುತ್ತದೆ. ಸ್ಥಗಿತಗೊಂಡವರ ನೋಟ ಒಂದೇ ಕಡೆ ನೆಟ್ಟಿರುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ, ಉಸಿರು ಮೇಲುಮೇಲಕ್ಕೆ ಇರುತ್ತದೆ, ಉತ್ತರ ತಡವಾಗಿ ಬರುತ್ತದೆ. ‘ಹೇಗಿದೆ?’ ಅಂದರೆ ‘ಏನೂ ಅನ್ನಿಸ್ತಿಲ್ಲ’ ಅನ್ನುತ್ತಾರೆ. ಈ ಎರಡನ್ನು ಬೇರೆ ಮಾಡಿ ನೋಡಲು ಬರುವವರೆಗೆ ಯಾವ ಬಾಡಿ ಸ್ಕ್ಯಾನನ್ನೂ (ಮೈಯ ಒಂದೊಂದೇ ಭಾಗಕ್ಕೆ ಗಮನ ಕೊಡಿಸುವುದನ್ನು) ಮಾಡಿಸಬೇಡಿ ಎಂದೇ ನಾನು ಹೇಳುವುದು.

ಮತ್ತೆ ಮರಗಟ್ಟಿದರೆ ‘ಒಳಗೆ ಏನಾಗ್ತಿದೆ?’ ಎಂದು ಕೇಳಬೇಡಿ. ಅವರು ಆಗಲೇ ಜಾಸ್ತಿ ಒಳಗೆ ಹೋಗಿರುತ್ತಾರೆ. ಸ್ವಲ್ಪ ಗಟ್ಟಿ ದನಿಯಲ್ಲಿ ಹೆಸರು ಹಿಡಿದು ಕರೆಯಿರಿ. ಎಲ್ಲಿದ್ದೀವಿ, ಇವತ್ತು ಯಾವ ವಾರ ಎಂದು ನೀವೇ ಹೇಳಿ. ಹಿಮ್ಮಡಿಯನ್ನು ನೆಲಕ್ಕೆ ಒತ್ತಲು, ಕಣ್ಣು ಆಡಿಸಲು, ಸಾಧ್ಯವಾದರೆ ಎದ್ದು ನಿಲ್ಲಲು ಹೇಳಿ. ತಣ್ಣನೆಯ ನೀರಿನ ಬಾಟಲಿ ಹಿಡಿಯುವುದು ಕೆಲವರಿಗೆ ಬೇಗ ಸಹಾಯ ಮಾಡುತ್ತದೆ. ಮುಟ್ಟಿ ಎಬ್ಬಿಸಲು ಹೋಗಬೇಡಿ.

‘ಆಳವಾಗಿ ಉಸಿರು ತಗೊಳ್ಳಿ’ ಎಂಬ ಎಲ್ಲರ ಬಾಯಲ್ಲೂ ಇರುವ ಸಲಹೆ ಇಲ್ಲಿ ಅಷ್ಟು ಒಳ್ಳೆಯದಲ್ಲ. ಗಾಬರಿಯಲ್ಲಿರುವವರು ದೊಡ್ಡ ದೊಡ್ಡ ಉಸಿರು ಎಳೆದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ, ಗಾಬರಿ ಇನ್ನೂ ಏರುತ್ತದೆ. ಕತ್ತು ಹಿಸುಕಿಸಿಕೊಂಡವರಿಗೆ, ಬಾಯಿ ಮುಚ್ಚಿಸಿಕೊಂಡವರಿಗೆ ಉಸಿರೇ ನೆನಪಿನ ಬಾಗಿಲು. ರಿಲ್ಯಾಕ್ಸ್ ಮಾಡಿಸಲು ಹೋದಾಗಲೇ ಕೆಲವರಿಗೆ ಆತಂಕ ಹೆಚ್ಚುವುದನ್ನು 1980ರ ದಶಕದಲ್ಲೇ ಸಂಶೋಧಕರು ದಾಖಲಿಸಿದ್ದಾರೆ. ಉಸಿರನ್ನು ಬಳಸಲೇಬೇಕಿದ್ದರೆ ಹೊರಬಿಡುವುದನ್ನು ಸ್ವಲ್ಪ ಉದ್ದ ಮಾಡಲು ಹೇಳಿ. ಇಲ್ಲವೇ ಗುನುಗಲು ಹೇಳಿ, ಉಸಿರು ತಾನಾಗಿ ಉದ್ದವಾಗುತ್ತದೆ.

ಇನ್ನು ‘ತಲೆಗೆ ಗೊತ್ತು, ಮೈಗೆ ಗೊತ್ತಾಗ್ತಿಲ್ಲ’ ಎಂಬ ಮಾತಿಗೆ ಬರೋಣ. ದೌರ್ಜನ್ಯದ ಹೊತ್ತಿನಲ್ಲಿ ಅವರ ಮೈ ಏನು ಮಾಡಿತು ಎಂದು ನೀವು ಕೇಳಿದ್ದೀರಾ? ‘ಯಾಕೆ ಕೂಗಲಿಲ್ಲ, ಯಾಕೆ ತಳ್ಳಲಿಲ್ಲ’ ಎಂಬ ಪ್ರಶ್ನೆಯನ್ನು ಇಂಥವರು ಲೋಕ ಕೇಳುವ ಮೊದಲೇ ತಮಗೆ ತಾವು ಕೇಳಿಕೊಂಡಿರುತ್ತಾರೆ. ಸ್ಟಾಕ್‌ಹೋಮ್‌ನಲ್ಲಿ ಅತ್ಯಾಚಾರಕ್ಕೆ ಒಳಗಾದವರಿಗಾಗಿಯೇ ಇರುವ ತುರ್ತು ಕ್ಲಿನಿಕ್‌ಗೆ ಬಂದ 298 ಮಹಿಳೆಯರ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅವರಲ್ಲಿ 70 ಶೇಕಡಾ ಮಂದಿ ಆ ಹೊತ್ತಿನಲ್ಲಿ ಗಣನೀಯ ಮಟ್ಟದ ಟಾನಿಕ್ ಇಮ್ಮೊಬಿಲಿಟಿ, ಅಂದರೆ ತಮ್ಮ ಇಚ್ಛೆ ಮೀರಿ ಮೈ ಸೆಟೆದು ನಿಂತ ಅನುಭವ ಹೇಳಿದರು. 48 ಶೇಕಡಾ ಮಂದಿಗೆ ಅದು ತೀವ್ರವಾಗಿತ್ತು. ಹಾಗೆ ಆದವರಲ್ಲಿ ಆರು ತಿಂಗಳ ನಂತರ ಪಿಟಿಎಸ್‌ಡಿ ಮತ್ತು ತೀವ್ರ ಖಿನ್ನತೆ ಹೆಚ್ಚಾಗಿ ಕಂಡುಬಂತು. ಈ ಒಂದು ಸಂಗತಿಯನ್ನು ಸರಳವಾಗಿ ಹೇಳಿದರೆ, ತಿಂಗಳುಗಟ್ಟಲೆ ಆಲೋಚನೆ ತಿದ್ದಿದರೂ ಕದಲದ ಅಪರಾಧಿಭಾವ ಕೆಲವರಲ್ಲಿ ಕದಲುತ್ತದೆ. ಮೈ ಒಪ್ಪಿಗೆ ಕೊಟ್ಟಿರಲಿಲ್ಲ, ಮೈಗೆ ಆಗ ಬೇರೆ ದಾರಿಯೇ ಇರಲಿಲ್ಲ. ಇದು ನಿಮ್ಮ ಸಿಬಿಟಿಗೆ ಹೊರತಾದ ಕೆಲಸ ಅಲ್ಲ, ಅದರದೇ ಭಾಗ.

ಅಲ್ಲಿಂದ ಚಲನೆಗೆ ಹೋಗಬಹುದು. ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ. ಕ್ಲೈಂಟ್ ಆಫೀಸಿನಲ್ಲಿ ಒಬ್ಬರು ತೀರಾ ಹತ್ತಿರ ಬಂದು ನಿಂತದ್ದನ್ನು ಹೇಳುತ್ತಿದ್ದಾರೆ. ಗಮನಿಸಿ, ಹಳೆಯ ದೌರ್ಜನ್ಯವನ್ನಲ್ಲ, ಇವತ್ತಿನ ಸಣ್ಣ ಕಿರಿಕಿರಿಯನ್ನು.

‘ಇದನ್ನ ಹೇಳ್ತಾ ನಿಮ್ಮ ಭುಜ ಸ್ವಲ್ಪ ಮೇಲೆ ಹೋದ ಹಾಗಿದೆ. ನಿಮಗೂ ಹಾಗನ್ನಿಸುತ್ತಾ?’

‘ಹೌದು, ಬಿಗಿ ಇದೆ. ಕೈ ತನಕ.’

‘ಆ ಕೈಗೆ ಏನಾದರೂ ಮಾಡಬೇಕು ಅನ್ನಿಸುತ್ತಾ? ಏನೂ ಇಲ್ಲದಿದ್ದರೂ ಪರವಾಗಿಲ್ಲ.’

‘ತಳ್ಳಬೇಕು ಅನ್ನಿಸುತ್ತೆ.’

ಆಗ ಗೋಡೆಗೋ ದಿಂಬಿಗೋ ಅಂಗೈ ಒತ್ತಿ, ತುಂಬ ನಿಧಾನವಾಗಿ ತಳ್ಳಲು ಹೇಳಿ. ಜೋರಾಗಿ ಗುದ್ದುವುದು ಬೇಡ. ಭುಜದಿಂದ ಬೆನ್ನಿಗೆ, ಬೆನ್ನಿಂದ ಕಾಲಿಗೆ ಬಲ ಹೇಗೆ ಹರಿಯುತ್ತದೆ ಎಂದು ಗಮನಿಸಲಿ. ನಿಲ್ಲಿಸಿ. ‘ಈಗ ಹೇಗಿದೆ?’ ‘ಕಾಲು ಗಟ್ಟಿ ಅನ್ನಿಸುತ್ತೆ.’ ಅಲ್ಲಿ ಸ್ವಲ್ಪ ಹೊತ್ತು ಇರಲಿ. ಆಮೇಲೆ ಮಾತಿಗೆ ಬನ್ನಿ: ‘ಈ ಕಾಲಿನ ಮೇಲೆ ನಿಂತು ನೋಡಿದರೆ, ನನ್ನ ಕೈಲಿ ಏನೂ ಆಗಲ್ಲ ಅನ್ನೋ ಮಾತು ಈಗ ಎಷ್ಟು ನಿಜ ಅನ್ನಿಸುತ್ತೆ?’ ಪ್ಯಾಟ್ ಆಗ್ಡನ್ ಕಟ್ಟಿದ ಸೆನ್ಸರಿಮೋಟರ್ ಸೈಕೋಥೆರಪಿಯಲ್ಲಿ ಇಂಥ ಕೆಲಸ ಬಹಳ ಇದೆ. ಅರ್ಧಕ್ಕೇ ನಿಂತ ರಕ್ಷಣೆಯ ಚಲನೆಯನ್ನು ಪೂರ್ತಿ ಮಾಡಿಸುವುದು. ಇದರ ಬೇರು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಪಿಯೆರ್ ಜಾನೆಯ ತನಕ ಹೋಗುತ್ತದೆ. ಉದಾಹರಣೆಯಲ್ಲಿ ನಾನು ಪ್ರತಿ ಸಲವೂ ಪ್ರಶ್ನೆ ಕೇಳಿದ್ದನ್ನು ಗಮನಿಸಿ. ‘ನಿಮ್ಮ ಭುಜದಲ್ಲಿ ಕೋಪ ಇದೆ’ ಎಂದು ಘೋಷಿಸಿದರೆ ಅವರ ಮೈಯ ಬಗ್ಗೆ ಮತ್ತೊಬ್ಬರು ತೀರ್ಮಾನ ಮಾಡಿದಂತಾಯಿತು. ಅದು ಅವರಿಗೆ ಹೊಸದೇನಲ್ಲ.

ನಡುಕ, ಅಳು, ಬೆವರು ಬಂದರೆ ಬರಲಿ. ಆದರೆ ಅದನ್ನು ಬರಿಸಲು ಹೋಗಬೇಡಿ. ಪ್ರಾಣಿಗಳು ಅಪಾಯ ದಾಟಿದ ಮೇಲೆ ಮೈ ನಡುಗಿಸಿ ಒತ್ತಡ ಕಳೆದುಕೊಳ್ಳುತ್ತವೆ, ಮನುಷ್ಯರು ಹಾಗೆ ಮಾಡದ್ದರಿಂದ ಟ್ರಾಮಾ ಉಳಿಯುತ್ತದೆ ಎಂಬ ವಿವರಣೆ ಈ ವಲಯದಲ್ಲಿ ಜನಪ್ರಿಯ. ಕೇಳಲು ಚೆಂದ, ಪುರಾವೆ ಮಾತ್ರ ತೆಳು. ಒಳಗೆ ಕಟ್ಟಿಕೊಂಡದ್ದನ್ನು ಹೊರಹಾಕಿಸಿದರೆ ಗುಣ ಎಂಬ ಆಸೆ ಬ್ರಾಯರ್ ಮತ್ತು ಫ್ರಾಯ್ಡ್ 1895ರಲ್ಲಿ ಬರೆದ ಕಾಲದಿಂದಲೂ ಇದೆ, ಫ್ರಾಯ್ಡ್‌ನ ಶಿಷ್ಯ ವಿಲ್ಹೆಲ್ಮ್ ರೈಕ್ ಅದನ್ನು ಸ್ನಾಯುಗಳ ತನಕ ಒಯ್ದ. ಭಾವದ ಪ್ರವಾಹ ಹರಿಸಿದ ಸೆಷನ್ ಥೆರಪಿಸ್ಟ್‌ಗೆ ಭಾರಿ ಕೆಲಸ ಆದ ಹಾಗೆ ಕಾಣುತ್ತದೆ. ಕ್ಲೈಂಟ್ ಮನೆಗೆ ಹೋಗಿ ಎರಡು ದಿನ ನಿದ್ದೆ ಮಾಡುವುದಿಲ್ಲ.

ಪುರಾವೆಯ ವಿಚಾರ. ಇದೆ, ಆದರೆ ಪ್ರಚಾರದಲ್ಲಿ ಹೇಳುವಷ್ಟಿಲ್ಲ. ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್ ಮೇಲೆ ಇಸ್ರೇಲಿನಲ್ಲಿ ನಡೆದ ಪ್ರಯೋಗವೊಂದು 2017ರಲ್ಲಿ ಪ್ರಕಟವಾಯಿತು. 63 ಜನ, ವಾರಕ್ಕೊಂದರಂತೆ 15 ಸೆಷನ್. ಪಿಟಿಎಸ್‌ಡಿ ಲಕ್ಷಣ, ಖಿನ್ನತೆ ಎರಡೂ ಚೆನ್ನಾಗಿ ಇಳಿದವು. ಆದರೆ ಹೋಲಿಕೆ ಇದ್ದದ್ದು ಚಿಕಿತ್ಸೆಗೆ ಕಾಯುತ್ತಿದ್ದವರ ಜೊತೆ. ಸುಮ್ನೆ ಕಾಯುವುದಕ್ಕಿಂತ ವಾಸಿ ಎಂದು ಗೊತ್ತಾಯಿತು, ನಿಮ್ಮ ಸಿಬಿಟಿಗಿಂತ ವಾಸಿ ಎಂದಲ್ಲ. ಟ್ರಾಮಾ ಸಂಶೋಧಕ ಬೆಸೆಲ್ ವ್ಯಾನ್ ಡರ್ ಕೋಲ್ಕ್ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕಿತ್ಸೆಗೆ ಬಗ್ಗದ ಪಿಟಿಎಸ್‌ಡಿ ಇದ್ದ 64 ಮಹಿಳೆಯರ ಮೇಲೆ 10 ವಾರಗಳ ಟ್ರಾಮಾ-ಸೂಕ್ಷ್ಮ ಯೋಗವನ್ನು (ಟ್ರಾಮಾ ಕಂಡವರಿಗೆ ಹೊಂದಿಸಿದ ಯೋಗವನ್ನು) ಪರೀಕ್ಷಿಸಿತು. ಕೊನೆಯಲ್ಲಿ ಯೋಗದ ಗುಂಪಿನ 52 ಶೇಕಡಾ ಮಂದಿಗೆ ಪಿಟಿಎಸ್‌ಡಿ ರೋಗನಿರ್ಣಯ ಅನ್ವಯವಾಗುತ್ತಿರಲಿಲ್ಲ. ಆರೋಗ್ಯ ಶಿಕ್ಷಣ ಪಡೆದ ಇನ್ನೊಂದು ಗುಂಪಿನಲ್ಲಿ ಅದು 21 ಶೇಕಡಾ. ಅಮೆರಿಕದ ಮಾಜಿ ಸೇನಾ ಮಹಿಳೆಯರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ ನನಗೆ ಇನ್ನೂ ಆಸಕ್ತಿಯದು. ಅಲ್ಲಿ ಯೋಗವನ್ನು ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿಯ (ಘಟನೆಯ ಬಗೆಗಿನ ಆಲೋಚನೆ ತಿದ್ದುವ ಚಿಕಿತ್ಸೆಯ) ಎದುರು ನಿಲ್ಲಿಸಿದರು. ಫಲ ಹೆಚ್ಚುಕಮ್ಮಿ ಸಮ, ಆದರೆ ಯೋಗವನ್ನು ನಡುವೆ ಬಿಟ್ಟುಹೋದವರು ಕಡಿಮೆ.

ಮಾರ್ಗಸೂಚಿಗಳು ಎಚ್ಚರಿಕೆಯಿಂದಿವೆ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ, ಬ್ರಿಟನ್ನಿನ ನೈಸ್ ಸಂಸ್ಥೆ 2018ರಲ್ಲಿ ಮುಂದಿಟ್ಟದ್ದು ಟ್ರಾಮಾ ಕೇಂದ್ರಿತ ಸಿಬಿಟಿ ಮತ್ತು ಇಎಂಡಿಆರ್ (ಕಣ್ಣು ಆಡಿಸುತ್ತಾ ನೆನಪಿನ ಮೇಲೆ ಕೆಲಸ ಮಾಡುವ ಚಿಕಿತ್ಸೆ) ಅನ್ನು. ದೇಹ ಆಧಾರಿತ ವಿಧಾನಗಳು ಆ ಮೊದಲ ಸಾಲಿಗೆ ಇನ್ನೂ ಬಂದಿಲ್ಲ. ಹಾಗಂತ ಮೊದಲ ಸಾಲಿನವುಗಳಲ್ಲಿ ಮೈ ಇಲ್ಲವೇ ಇಲ್ಲ ಅಂದುಕೊಳ್ಳಬೇಡಿ. ಇಎಂಡಿಆರ್‌ನ ಎಂಟು ಹಂತಗಳಲ್ಲಿ ಒಂದು ಬಾಡಿ ಸ್ಕ್ಯಾನ್. ಪ್ಯಾನಿಕ್‌ಗೆ (ದಿಢೀರ್ ಗಾಬರಿಯ ದಾಳಿಗೆ) ಮಾಡುವ ಇಂಟರೊಸೆಪ್ಟಿವ್ ಎಕ್ಸ್‌ಪೋಶರ್, ಅಂದರೆ ಹೆದರಿಸುವ ಸಂವೇದನೆಗಳನ್ನು ಬೇಕೆಂದೇ ಬರಿಸಿ ಎದುರಿಸುವುದು, ಪೂರ್ತಿ ಮೈಯ ಕೆಲಸವೇ, ಅದೂ ಸಿಬಿಟಿಯದು.

‘ಟ್ರಾಮಾ ದೇಹದಲ್ಲಿ ಕೂತಿರುತ್ತದೆ’ ಎಂಬುದನ್ನು ಅಕ್ಷರಶಃ ತೆಗೆದುಕೊಳ್ಳಬೇಡಿ. ಸೊಂಟದ ಸ್ನಾಯುವಿನಲ್ಲಿ ಘಟನೆಯ ನೆನಪು ಅಡಗಿರುವುದಿಲ್ಲ. ಮಿದುಳು ಮತ್ತು ನರಮಂಡಲ ಒಂದು ಪ್ರತಿಕ್ರಿಯೆಯನ್ನು ಕಲಿತಿರುತ್ತವೆ. ಅದು ಹೃದಯ, ಉಸಿರು, ಹೊಟ್ಟೆ, ಸ್ನಾಯುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಈ ವ್ಯತ್ಯಾಸ ಸುಮ್ಮನೆ ವಾದಕ್ಕಲ್ಲ. ಮೈಯಲ್ಲಿ ನೆನಪು ಅಡಗಿದೆ ಎಂದು ನಂಬಿದ ಥೆರಪಿಸ್ಟ್, ಕಾರಣ ಗೊತ್ತಿಲ್ಲದ ನೋವಿನ ಹಿಂದೆ ‘ಮರೆತ ದೌರ್ಜನ್ಯ’ ಹುಡುಕಲು ಶುರುಮಾಡುತ್ತಾರೆ. ಸೂಚನೆಗಳಿಂದ ಸುಳ್ಳು ನೆನಪು ಹುಟ್ಟಬಹುದು ಎಂದು ನೆನಪಿನ ಸಂಶೋಧಕಿ ಎಲಿಜಬೆತ್ ಲಾಫ್ಟಸ್ ಮುಂತಾದವರು 1990ರ ದಶಕದಲ್ಲೇ ತೋರಿಸಿದ್ದಾರೆ. ಸಂವೇದನೆ ಈಗಿನ ಸ್ಥಿತಿ ಹೇಳುತ್ತದೆ. ಅಂದು ಏನು ನಡೆಯಿತು ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಸ್ಟೀಫನ್ ಪೋರ್ಜಸ್ 1994ರಲ್ಲಿ ಮುಂದಿಟ್ಟ ಪಾಲಿವೇಗಲ್ ಸಿದ್ಧಾಂತಕ್ಕೂ (ಸುರಕ್ಷತೆ, ಅಪಾಯಕ್ಕೆ ಮೈ ಪ್ರತಿಕ್ರಿಯಿಸುವುದನ್ನು ವೇಗಸ್ ಎಂಬ ನರದ ಮೂಲಕ ವಿವರಿಸುವ ಸಿದ್ಧಾಂತಕ್ಕೂ) ಇದೇ ಮಾತು. ಎಷ್ಟೋ ಕೋರ್ಸ್‌ಗಳು ಅದನ್ನು ಪ್ರಶ್ನಾತೀತ ಸತ್ಯದಂತೆ ಕಲಿಸುತ್ತವೆ. ಅದರ ಅಂಗರಚನೆ ಮತ್ತು ವಿಕಾಸದ ವಾದಗಳನ್ನು ಪಾಲ್ ಗ್ರಾಸ್‌ಮನ್ ಸೇರಿದಂತೆ ಕೆಲವು ಸಂಶೋಧಕರು ಬಲವಾಗಿ ಪ್ರಶ್ನಿಸಿದ್ದಾರೆ. ‘ನಿಮ್ಮ ಡಾರ್ಸಲ್ ವೇಗಸ್ ಆನ್ ಆಗಿದೆ’ ಎಂದು ಕ್ಲೈಂಟ್‌ಗೆ ಹೇಳುವ ಅಗತ್ಯವೇ ಇಲ್ಲ. ‘ಮೈ ಅಪಾಯ ಅಂದುಕೊಂಡು ಸ್ವಿಚ್ ಆಫ್ ಮಾಡಿತು’ ಅಂದರೆ ಅವರಿಗೂ ಅರ್ಥವಾಗುತ್ತದೆ, ನೀವೂ ಸುಳ್ಳು ಹೇಳಿದಂತಾಗುವುದಿಲ್ಲ.

ಮುಟ್ಟುವುದು? ಬೇಡ. ಮೇಲೆ ಹೇಳಿದ ಯಾವುದಕ್ಕೂ ಸ್ಪರ್ಶ ಬೇಕಿಲ್ಲ. ಅದಕ್ಕೆ ಪ್ರತ್ಯೇಕ ತರಬೇತಿ, ನಿಮ್ಮ ವೃತ್ತಿಯ ನಿಯಮದ ಅನುಮತಿ, ಬರಹದ ಒಪ್ಪಿಗೆ, ನಿಯಮಿತ ಸೂಪರ್‌ವಿಷನ್ (ಅನುಭವಿ ಥೆರಪಿಸ್ಟ್‌ನ ಮಾರ್ಗದರ್ಶನ) ಎಲ್ಲವೂ ಇರಬೇಕು. ಇಷ್ಟಿದ್ದರೂ ಲೈಂಗಿಕ ದೌರ್ಜನ್ಯ ಕಂಡವರಲ್ಲಿ ನಾನು ಹಿಂಜರಿಯುತ್ತೇನೆ. ಬೇಡ ಎನ್ನಲಾಗದೆ ‘ಸರಿ’ ಎನ್ನುವುದು ಅವರು ಬದುಕಲು ಕಲಿತ ವಿದ್ಯೆ. ಅವರದೇ ಕೈಯನ್ನು ಅವರದೇ ತೋಳಿನ ಮೇಲೆ ಇಟ್ಟುಕೊಳ್ಳಲು ಹೇಳಬಹುದು. ಅದೂ ಕೆಲವರಿಗೆ ಹಿತವಾಗುವುದಿಲ್ಲ, ಕೇಳಿಯೇ ಮುಂದುವರಿಯಿರಿ.

ಮೈಯ ಎಲ್ಲ ತೊಂದರೆಯನ್ನೂ ಟ್ರಾಮಾದ ಖಾತೆಗೆ ಬರೆಯಬೇಡಿ. ಎದೆ ಡವಡವಕ್ಕೆ ಥೈರಾಯ್ಡ್, ರಕ್ತಹೀನತೆ, ಹೃದಯದ ಲಯದ ದೋಷ ಕಾರಣವಿರಬಹುದು. ‘ಖಾಲಿಯಾಗಿ’ ಕೂರುವುದು ಕೆಲವೊಮ್ಮೆ ಮೂರ್ಛೆರೋಗದ ಒಂದು ಬಗೆ. ನಿಮ್ಮ ಕ್ಲೈಂಟ್ ವೈದ್ಯರಿಗೆ ತೋರಿಸಿದ್ದಾರಾ ಕೇಳಿ.

ನಿಮ್ಮ ಮೈಯೂ ಆ ಕೋಣೆಯಲ್ಲಿದೆ. ಅವರು ಮರಗಟ್ಟಿದಾಗ ನೀವೂ ಉಸಿರು ಬಿಗಿಹಿಡಿದು ಮುಂದಕ್ಕೆ ಬಾಗಿದ್ದಿರಬಹುದು. ಹೆದರಿದವರ ಕಣ್ಣಿಗೆ ಅದು ಮೈಮೇಲೆ ಬಂದ ಹಾಗೆ ಕಾಣುತ್ತದೆ. ಹಿಂದಕ್ಕೆ ಒರಗಿ, ನಿಮ್ಮ ಪಾದ ನೆಲದಲ್ಲಿದೆಯಾ ನೋಡಿಕೊಳ್ಳಿ. ಕುರ್ಚಿಗಳು ನೇರ ಎದುರುಬದುರು ಬೇಡ, ಸ್ವಲ್ಪ ಓರೆಯಾಗಿರಲಿ. ಅವರಿಗೂ ಬಾಗಿಲಿಗೂ ನಡುವೆ ನೀವು ಕೂರಬೇಡಿ. ಆನ್‌ಲೈನ್ ಸೆಷನ್ ಆದರೆ ಮುಖ ಮಾತ್ರ ಕಾಣುತ್ತದೆ. ಆಗ ಒಳಗಿನ ಗಮನದ ಕೆಲಸವನ್ನು ಇನ್ನೂ ಕಡಿಮೆ ಮಾಡಿ, ಸಂಪರ್ಕ ಕಡಿದುಹೋದರೆ ಯಾರಿಗೆ ಫೋನ್ ಮಾಡಬೇಕು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ.

ತರಬೇತಿಯ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಪ್ರೊಲಾಂಗ್ಡ್ ಎಕ್ಸ್‌ಪೋಶರ್ (ಘಟನೆಯ ನೆನಪನ್ನು ಮತ್ತೆ ಮತ್ತೆ ಎದುರಿಸುವ ಚಿಕಿತ್ಸೆ), ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ, ಇಎಂಡಿಆರ್, ಇವುಗಳಲ್ಲಿ ಒಂದನ್ನಾದರೂ ಮೊದಲು ಸರಿಯಾಗಿ ಕಲಿಯಿರಿ. ಆಮೇಲೆ ಮೈಯ ಕೆಲಸ ಸೇರಿಸಿಕೊಳ್ಳಿ. ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್‌ನ ಪೂರ್ಣ ತರಬೇತಿ ಸಾಮಾನ್ಯವಾಗಿ ಮೂರು ವರ್ಷದ್ದು, ವಾರಾಂತ್ಯದ ವರ್ಕ್‌ಶಾಪ್ ಅದಕ್ಕೆ ಸಮ ಅಲ್ಲ. ಒಪ್ಪಿಗೆ ಪಡೆದು ಸೆಷನ್ ವಿಡಿಯೊ ಮಾಡಿ ಸೂಪರ್‌ವೈಸರ್ ಜೊತೆ ನೋಡುವುದು ಎಲ್ಲಕ್ಕಿಂತ ಜಾಸ್ತಿ ಕಲಿಸುತ್ತದೆ. ನಾವು ಗಮನಿಸದ ಕಣ್ಣು, ಕೈ, ಉಸಿರು ಎಲ್ಲ ಅಲ್ಲಿ ಕಾಣುತ್ತದೆ.

ಒಂದು ಅಪಾಯದ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಗ್ರೌಂಡಿಂಗ್ (ಪಾದ, ಕುರ್ಚಿಯಂಥ ಈಗಿನದಕ್ಕೆ ಗಮನ ತರುವುದು) ಮಾಡುತ್ತಾ ಮಾಡುತ್ತಾ ವರ್ಷ ಕಳೆದುಹೋಗುತ್ತದೆ. ಕ್ಲೈಂಟ್‌ಗೂ ಹಿತ, ಥೆರಪಿಸ್ಟ್‌ಗೂ ಹಿತ, ಘಟನೆಯ ಹತ್ತಿರ ಮಾತ್ರ ಇಬ್ಬರೂ ಹೋಗುವುದಿಲ್ಲ. ಆಗ ಮೈಯ ಕೆಲಸವೇ ತಪ್ಪಿಸಿಕೊಳ್ಳುವ ದಾರಿ. ಇದನ್ನು ತಡೆಯಲು ಅಳತೆ ಇಟ್ಟುಕೊಳ್ಳಿ. ಪಿಟಿಎಸ್‌ಡಿ ಲಕ್ಷಣ ಅಳೆಯುವ ಪ್ರಶ್ನಾವಳಿ ಪಿಸಿಎಲ್-5ರಲ್ಲಿ 20 ಪ್ರಶ್ನೆ, ಗರಿಷ್ಠ 80 ಅಂಕ, ತುಂಬಲು ಹೆಚ್ಚು ಹೊತ್ತು ಬೇಡ. ಈಗೊಮ್ಮೆ, ಆಮೇಲೆ ನಾಲ್ಕು ವಾರಕ್ಕೊಮ್ಮೆ ತುಂಬಿಸಿ. ಮೂರು ತಿಂಗಳಲ್ಲಿ ಅಂಕ ಕದಲದಿದ್ದರೆ, ಕ್ಲೈಂಟ್ ‘ಸೆಷನ್ ಚೆನ್ನಾಗಿದೆ’ ಅನ್ನುತ್ತಿದ್ದರೂ, ನೆನಪಿನ ಮೇಲೆ ನೇರವಾಗಿ ಕೆಲಸ ಮಾಡುವ ಚಿಕಿತ್ಸೆಗೆ ಬದಲಾಯಿಸಿ. ಅದು ನಿಮಗೆ ಬರದಿದ್ದರೆ ಬರುವವರ ಹತ್ತಿರ ಕಳಿಸಿ. ಗುಟ್ಟಾಗಿ ಮಾಡಬೇಡಿ, ಕಾರಣವನ್ನೂ ಅಂಕವನ್ನೂ ಕ್ಲೈಂಟ್ ಮುಂದೆಯೇ ಇಟ್ಟು ಇಬ್ಬರೂ ಸೇರಿ ನಿರ್ಧರಿಸಿ.